ಆರು ಬಾಟಲಿ ಹಿಮ, ಒಂದು ಸೂರ್ಯೋದಯ

ಸೂರ್ಯ ಹುಟ್ಟುವುದನ್ನು ಒಮ್ಮೆಯಾದರೂ ಕಣ್ಣಾರೆ ನೋಡಿಯೇ ತೀರುತ್ತೇನೆಂದು ಪಾರ್ವತಿ ಶಪಥ ಮಾಡಿದ್ದು ಮೇ ತಿಂಗಳ ಒಂದು ಶುಕ್ರವಾರ, ದೋಸೆ ಮಗುಚುವ ಕೈಯನ್ನು ಮೇಲಕ್ಕೆತ್ತಿ! ಹದಿನೆಂಟು ವರ್ಷದಿಂದ ಅವಳ ಪಾಲಿಗೆ ಸೂರ್ಯೋದಯವೆಂದರೆ ಕುಕ್ಕರಿನ ಮೂರನೇ ಕೂಗು. ವಡೋದರಾದ ಆ ಮನೆಯ ಅಡುಗೆಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಪಶ್ಚಿಮಕ್ಕೆ. ಅದರಾಚೆ ಪಕ್ಕದ ಮನೆಯ ಗೋಡೆ.

"ಪಾವಾಗಢಕ್ಕೆ ಹೋಗೋಣ ರೀ. ಬೆಟ್ಟದ ತುದೀಲಿ ಕೂತು ನೋಡ್ಬೇಕು. ಬರೀ ಕೂತು! ಆ ಹೊತ್ತಲ್ಲಿ ಯಾರೂ ನನ್ನ ಕರೀಬಾರ್ದು."

ಬ್ಯಾಂಕಿನ ವರ್ಗಾವಣೆಯ ದೆಸೆಯಿಂದ ಮೈಸೂರು ಬಿಟ್ಟು ಬಂದ ಗಂಡ ನಂಜುಂಡ ಕೂಡಲೇ ಎದ್ದು ನಿಂತ. ಬಾಯಲ್ಲಿ ದೋಸೆ, ಎದೆಯಲ್ಲಿ ಉತ್ಸಾಹ.

"ನಾಳೆ ನೀನು ಮಹಾರಾಣಿ ಕಣೇ! ಜವಾಬ್ದಾರಿ ಪೂರ್ತಿ ನಂದು. ಕುಡಿಯೋ ನೀರು ನಂದು, ಮನೆ ಟ್ಯಾಂಕ್ ತುಂಬಿಸೋದು ನಂದು. ನೀನು ಏನೂ ಮಾಡ್ಬೇಡ."

"ತಿಂಡಿ?"

"ತಿಂಡಿ ಎಲ್ಲ ಯಾಕೆ? ಲೈಟಾಗಿ ಒಂದ್ ಹತ್ತು ಚಪಾತಿ, ಆಲೂಗಡ್ಡೆ ಪಲ್ಯ, ಚಟ್ನಿಪುಡಿ ಸ್ವಲ್ಪ ಖಾರವಾಗಿ. ಚಿತ್ರಾನ್ನ ಮಾಡಿದ್ರೆ ಬೇಡ ಅನ್ನಲ್ಲ."

ಮಹಾರಾಣಿ ಎದ್ದಾಗ ಹಾಲಿನವನೂ ಎದ್ದಿರಲಿಲ್ಲ. ಮಹಾರಾಜ ಎದ್ದದ್ದು ಚಪಾತಿಯೆಲ್ಲ ಡಬ್ಬಿಗೆ ಸೇರಿದ ಮೇಲೆ. ಎದ್ದವನು ಕಾರಿನ ಕೀ ಹುಡುಕಿದ. ಹುಡುಕಿಕೊಟ್ಟದ್ದು ಅವಳು. ಆದರೂ ಪಾಪ, ಕೊಟ್ಟ ಮಾತು ಮರೆತಿರಲಿಲ್ಲ. ಸಂಪಿನ ಮೋಟರ್ ಹಾಕಿ ಬಂದ. "ಟ್ಯಾಂಕ್ ಈಗಲೇ ತುಂಬಿಬಿಟ್ರೆ ಪ್ರಾರ್ಥನಾಗೆ ತಲೆನೋವಿಲ್ಲ" ಎಂದ. ಪ್ರಾರ್ಥನಾ ಅವರ ಮಗಳು. ಹದಿನಾರು ವರ್ಷದ ಆ ಹುಡುಗಿ ಏಸಿ ಹಾಕಿಕೊಂಡು ಮಲಗಿದ್ದಳು. ನಂಜುಂಡ ಟವೆಲ್ಲು ಸುತ್ತಿದ ಆರು ಬಾಟಲಿಗಳನ್ನು ಶಿಶುಗಳಂತೆ ಎತ್ತಿ ಚೀಲಕ್ಕೆ ಹಾಕಿದ. ಮೆಚ್ಚುಗೆಗಾಗಿ ಒಂದು ಗಳಿಗೆ ಕಾದ. ಪಾರ್ವತಿ ಮೆಚ್ಚಿದಳು. ಹದಿನೆಂಟು ವರ್ಷದ ಅಭ್ಯಾಸ.

ತಪ್ಪಲಿನಿಂದ ಜೀಪಿನಲ್ಲಿ, ಮೆಟ್ಟಿಲು ಶುರುವಾಗುವ ಮಾಚಿಗೆ ಬಂದು ಹತ್ತತೊಡಗಿದಾಗ ಇನ್ನೂ ಕತ್ತಲೆ. ಕತ್ತಲೆಯಲ್ಲೂ ಸೆಕೆ! ಬೆನ್ನಿಗೆ ಚೀಲ ಹಾಕಿ, ಎದೆ ಮುಂದೆ ಮಾಡಿ ನಂಜುಂಡ ಒಂದು ಫೋಟೋ ತೆಗೆಸಿಕೊಂಡ. ನೂರು ಮೆಟ್ಟಿಲಾಗುವಷ್ಟರಲ್ಲಿ, "ಪಾರೂ, ಒಂದ್ನಿಮಿಷ ಹಿಡ್ಕೋ, ಲೇಸ್ ಕಟ್ಕೋತೀನಿ" ಎಂದ. ಆ ನಿಮಿಷ ಬೆಟ್ಟದ ತುದಿಯವರೆಗೂ ಮುಗಿಯಲಿಲ್ಲ.

ದಾರಿಯ ಅಂಗಡಿಗಳೆಲ್ಲ ನೀಲಿ ತಾಡಪಾಲು ಹೊದ್ದು ಮಲಗಿದ್ದವು. ತೆರೆದಿದ್ದದ್ದು ಒಂದೇ ಒಂದು. ಅಲ್ಲಿ ತಣ್ಣೀರು ಮಾರುತ್ತಿದ್ದ ಅಜ್ಜಿ ಕೂಗಿದಳು: "ಆವೋ ಬೆನ್, ಠಂಡು ಪಾಣಿ!"

ಪಾರ್ವತಿ ನಿಂತಳು. ನಂಜುಂಡ ಅವಳ ಬೆನ್ನ ಮೇಲಿನ ಚೀಲ ತಟ್ಟಿ, "ಹೈ ಮಾಜಿ, ಬಹುತ್ ಹೈ!" ಎಂದು ಹೆಮ್ಮೆಯಿಂದ ಮುಂದೆ ನಡೆದ.

ಅರ್ಧ ಬೆಟ್ಟಕ್ಕೆ ಬಂದಾಗ ಅವನಿಗೆ ಹಸಿವಾಯಿತು. ಚಟ್ನಿಪುಡಿ ಮೆತ್ತಿದ ಎರಡು ಚಪಾತಿ ಒಳಗಿಳಿದದ್ದೇ ಕಣ್ಣು, ಮೂಗು ಎಲ್ಲದರಲ್ಲೂ ನೀರು. ಬಾಯಿಗೆ ಮಾತ್ರ ಇಲ್ಲ! ಪಾರ್ವತಿ ಮೊದಲ ಬಾಟಲಿಯ ಟವೆಲ್ಲು ಬಿಚ್ಚಿ ಬಗ್ಗಿಸಿದಳು. ಏನೂ ಬರಲಿಲ್ಲ. ಅಲ್ಲಾಡಿಸಿದಳು. ಅಲ್ಲಾಡಲಿಲ್ಲ. ಎರಡನೆಯದು, ಮೂರನೆಯದು... ಆರೂ ಕಲ್ಲು!

"ರೀ, ಆರನ್ನೂ ಫ್ರೀಜರಿಗೆ ಹಾಕಿದ್ರಾ?"

"ಹೂಂ ಮತ್ತೆ! ನಲವತ್ಮೂರು ಡಿಗ್ರಿ ಕಣೇ, ತಣ್ಣಗಿರ್ಲಿ ಅಂತ."

"ನಾನು ಹಾಕೋದು ಎರಡೇ. ಉಳಿದ ನಾಲ್ಕು ಹೊರಗಿರ್ತವೆ. ಪ್ರತಿ ಸಲ ನೋಡಿಲ್ವಾ?"

"ನಾನೆಲ್ಲಿ ನೋಡ್ಲಿ? ಕುಡಿಯೋವಾಗ ನೀರೇ ಇರ್ತಿತ್ತಲ್ಲ!"

"ಟವೆಲ್ ಯಾಕೆ ಸುತ್ತಿದ್ರಿ?"

"ಕರಗ್ಬಾರ್ದು ಅಂತ" ಎಂದ ನಂಜುಂಡ. ಹೇಳಿದ ಮೇಲೆ ಅವನಿಗೇ ಅರ್ಥವಾಯಿತು.

ಕೆಳಗಿಳಿದು ಅಜ್ಜಿಯ ಅಂಗಡಿಗೆ ಹೋದರೆ ಸೂರ್ಯ ಕಾಯುವುದಿಲ್ಲ. ಪಾರ್ವತಿ ಹಲ್ಲುಕಚ್ಚಿ ಹತ್ತಿದಳು. ಬೆನ್ನ ಮೇಲೆ ಹಿಮಾಲಯ, ಗಂಟಲಲ್ಲಿ ಮರುಭೂಮಿ, ಹಿಂದಿನಿಂದ "ಪಾರೂ... ಪಾರೂ..." ಎಂಬ ಆರ್ತನಾದ. ಯಾರೂ ಕರೆಯಬಾರದೆಂದು ಬೇಡಿಕೊಂಡಿದ್ದಳಲ್ಲ, ಮೆಟ್ಟಿಲಿಗೊಂದರಂತೆ ಕರೆ!

ಅಂತೂ ತುದಿ ಬಂತು. ಪೂರ್ವ ದಿಕ್ಕಿನ ಅಂಚು ಕಿತ್ತಳೆಯ ತೊಳೆಯಂತೆ ಕೆಂಪಾಗಿತ್ತು. ಇನ್ನೇನು ಎರಡೇ ನಿಮಿಷ! ಅವಳು ಒಂದು ಬಂಡೆ ಹುಡುಕಿ, ಚೀಲ ಇಳಿಸಿ, ಮುಖ ಪೂರ್ವಕ್ಕೆ ತಿರುಗಿಸಿ ಕೂತಳು.

"ಪಾರೂ, ಮೀನಖಂಡ ಹಿಡ್ಕೊಂತು! ನೀರು! ಸತ್ತೇಹೋಗ್ತೀನಿ!"

ನಂಜುಂಡ ಕಲ್ಲುಹಾಸಿನ ಮೇಲೆ ಅಂಗಾತ ಮಲಗಿದ್ದ. ಸಾಯುವವನ ದನಿ ಅಷ್ಟು ಗಟ್ಟಿಯಾಗಿರುವುದಿಲ್ಲವೆಂದು ಪಾರ್ವತಿಗೆ ಗೊತ್ತಿತ್ತು. ಆದರೂ ಕೈ ಕೇಳಬೇಕಲ್ಲ! ಬಂಡೆಯತ್ತ ತಿರುಗಿ, ಬಾಟಲಿಯನ್ನು ಎತ್ತೆತ್ತಿ ಕುಕ್ಕತೊಡಗಿದಳು. ಆಗಲೇ ಮಗಳ ಫೋನು.

"ಮಮ್ಮಿ! ಪಡೋಸ್ ಕೀ ಆಂಟಿ ಗೇಟ್ ಹತ್ರ ಚಿಲ್ಲಾಯಿಸ್ತಿದಾರೆ! ನಮ್ ಟಾಂಕಿ ಓವರ್‌ಫ್ಲೋ! ಅವ್ರ ಆಂಗನ್ ಫುಲ್ ಪಾಣಿ!"

ಪಾರ್ವತಿ ಗಂಡನತ್ತ ನೋಡಿದಳು. "ಮೋಟರ್ ಆಫ್ ಮಾಡಿದ್ರಾ?"

"ಆನ್ ಮಾಡಿದ್ದೆ" ಎಂದ ನಂಜುಂಡ ಪ್ರಾಮಾಣಿಕವಾಗಿ.

ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿ, ಕೈಯಲ್ಲಿ ಬಾಟಲಿ ಕುಕ್ಕುತ್ತಾ ಪಾರ್ವತಿ ಕೂಗಿದಳು: "ಫ್ರಿಜ್ ಹಿಂದೆ ಕೆಂಪು ಲೈಟ್ ಇರೋ ಸ್ವಿಚ್ ಕಣೇ!"

"ಮಮ್ಮಿ, ಎಲ್ಲಾ ಬಂದ್ ಆಯ್ತು!"

"ಅದು ಮೇನ್! ಇರ್ಲಿ ಬಿಡು, ಮೋಟರೂ ನಿಂತಿರುತ್ತೆ."

"ಏಸಿ ನಿಂತೋಯ್ತು! ಗರ್ಮಿ! ವಾಪಸ್ ಆನ್ ಮಾಡ್ದೆ."

"ಅಯ್ಯೋ!"

ಇತ್ತ ಇಳಿಯದ ನೀರು, ಅತ್ತ ನಿಲ್ಲದ ನೀರು! ಕೊನೆಗೆ ಸರಿಯಾದ ಸ್ವಿಚ್ಚು ಸಿಕ್ಕಿತು, ಬಾಟಲಿಯೊಳಗಿನ ಹಿಮ ಬಿರುಕು ಬಿಟ್ಟಿತು, ಎರಡು ಗುಟುಕು ನೀರು ನಂಜುಂಡನ ಗಂಟಲಿಗಿಳಿಯಿತು. ಪಾರ್ವತಿ ಸೊಂಟ ನೆಟ್ಟಗೆ ಮಾಡಿ ತಿರುಗಿದಳು. ಸೂರ್ಯ ಬಿಳಿಯಾಗಿ, ಬಿಸಿಯಾಗಿ, ಆಫೀಸಿಗೆ ಹೊರಟವನಂತೆ ಮೇಲೇರಿ ನಿಂತಿದ್ದ.

"ಎಂಥಾ ಸೂರ್ಯೋದಯ ಅಲ್ವಾ ಪಾರೂ!" ಎಂದ ನಂಜುಂಡ, ಮಲಗಿದಲ್ಲಿಂದಲೇ ಫೋನು ಕೆಳಗಿಳಿಸುತ್ತಾ.

ಮನೆಗೆ ಬಂದು, ಪಕ್ಕದ ಮನೆಯ ಅಂಗಳ ಗುಡಿಸಿಕೊಟ್ಟು, ಪಾರ್ವತಿ ಉಸಿರು ಬಿಡುವಾಗ ಮಧ್ಯಾಹ್ನ. ನಂಜುಂಡ ಬಾಟಲಿ ಹಿಡಿದು ಬಂದ. "ನೋಡೇ, ಈಗ ಎಷ್ಟು ಚೆನ್ನಾಗಿ ನೀರಾಗಿದೆ!"

ಅವಳು ಕುಟುಂಬದ ವಾಟ್ಸಪ್ ಗುಂಪು ತೆರೆದಳು. ಗಂಡ ಹಾಕಿದ್ದ ಫೋಟೋ. ಕೆಳಗೆ: "ಮನೆಯವಳಿಗೆ ಸೂರ್ಯೋದಯ ತೋರಿಸಿದೆ. ಹದಿನೆಂಟು ವರ್ಷದ ಆಸೆ!" ಪಾರ್ವತಿ ಅದನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದಳು. ಅಬ್ಬಾ, ಸೂರ್ಯ ಎಷ್ಟು ಕೆಂಪಗಿದ್ದ! ಎಷ್ಟು ದೊಡ್ಡವನಿದ್ದ! ಅವನಿಗೆ ಬೆನ್ನು ಹಾಕಿ, ಬಂಡೆಯ ಮುಂದೆ ಬಗ್ಗಿ, ಕೈ ಮೇಲೆತ್ತಿದ ಒಬ್ಬ ಹೆಂಗಸೂ ಇದ್ದಳು.

ಇಪ್ಪತ್ತೇಳು ಜನ ಕೈ ಮುಗಿದಿದ್ದರು. ಕೊನೆಯಲ್ಲಿ ಮೈಸೂರಿನಿಂದ ಅತ್ತೆಯ ದನಿ: "ಅಲ್ವೋ ನಂಜುಂಡ, ಅಷ್ಟೆತ್ತರಕ್ಕೆ ಕರ್ಕೊಂಡು ಹೋಗಿ ಅಲ್ಲೂ ಅವಳ ಕೈಲಿ ಬಟ್ಟೆ ಒಗೆಸ್ತಿದ್ದೀಯಲ್ಲೋ!"

ನಂಜುಂಡ ಹೊಟ್ಟೆ ಹಿಡಿದು ನಕ್ಕ. "ನಮ್ಮಮ್ಮನಿಗೆ ಕಣ್ಣು ಪೂರ್ತಿ ಮಂಜಾಗಿದೆ ಕಣೇ!"

ಪಾರ್ವತಿ ನಗಲಿಲ್ಲ. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಬೆಟ್ಟದ ಮಣ್ಣು ಮೆತ್ತಿದ ಆರು ಟವೆಲ್ಲುಗಳು ಬಿದ್ದಿದ್ದವು. ಅತ್ತೆಯ ಕಣ್ಣು ಚೆನ್ನಾಗಿಯೇ ಇತ್ತು. ಅರ್ಧ ದಿನ ಮುಂದಿನದನ್ನು ನೋಡಿದ್ದರು, ಅಷ್ಟೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಎದ್ದಳು.