ಅಳಿಸಲು ಹೋಗಿ ತುಂಬಿಸಿದವನು

ನನ್ನ ತಮ್ಮನ ಅಂಗಡಿಯ ಕಸದಲ್ಲಿ ಓದಲಿಕ್ಕೆ ಬರುವ ಒಂದೇ ಒಂದು ಅಕ್ಷರ ಹುಡುಕಿ ತಂದವರಿಗೆ ನನ್ನ ಎರಡೂ ಬಳೆ ಬಿಚ್ಚಿ ಕೊಡುತ್ತೇನೆ. ಧೈರ್ಯವಾಗಿಯೇ ಹೇಳುತ್ತಿದ್ದೇನೆ, ಸಿಗುವುದಿಲ್ಲ!

ಗುರುವಾಯನಕೆರೆಯಲ್ಲಿ ಅವನದ್ದು ಜೆರಾಕ್ಸ್ ಅಂಗಡಿ. ಊರವರ ಆಧಾರ್ ಕಾರ್ಡು, ಜಾತಕ, ಆಸ್ಪತ್ರೆಯ ಚೀಟಿ ಎಲ್ಲ ಅವನ ಕಣ್ಣ ಮುಂದೆಯೇ ಹಾದುಹೋಗುತ್ತವೆ. ಹಾಳಾದ ಹಾಳೆಗಳನ್ನು ಸಂಜೆ ಮನೆಗೆ ತಂದು ಬಚ್ಚಲ ಒಲೆಗೆ ಹಾಕಿ, ಬೂದಿಯಾಗುವವರೆಗೆ ಕಾವಲು ಕೂರುತ್ತಾನೆ. ನಾವಿಬ್ಬರೂ ಒಂದೇ ಮನೆಯಲ್ಲಿರುವುದರಿಂದ ನಾನೂ, ರಜೆಗೆ ಬರುವ ನನ್ನ ಮೊಮ್ಮಕ್ಕಳೂ ಊರಿನ ಗುಟ್ಟಿನಲ್ಲಿ ಕಾದ ನೀರನ್ನೇ ಮೀಯುವುದು.

ಬಸ್ಸಿನ ಟಿಕೇಟನ್ನೂ ಬಿಡುವವನಲ್ಲ. ಎಲ್ಲಿಂದ ಎಲ್ಲಿಗೆ ಹೋದೆ ಅಂತ ಊರಿಗೆಲ್ಲ ಯಾಕೆ ಗೊತ್ತಾಗಬೇಕು? ಕೊಟ್ಟ ಕೂಡಲೇ ಹದಿನಾರು ಚೂರು. ಒಮ್ಮೆ ವೇಣೂರಿನಲ್ಲಿ ಚೆಕ್ಕಿಂಗಿನವರು ಹತ್ತಿದರು. ನನ್ನ ತಮ್ಮ ತೊಡೆಯ ಮೇಲೆ ಚೂರು ಜೋಡಿಸಲಿಕ್ಕೆ ಕೂತ. ಮೂಡುಬಿದಿರೆ ಬಂತು, ಒಂದು ಮೂಲೆ ಇನ್ನೂ ಸಿಕ್ಕಿರಲಿಲ್ಲ!

ಕಾಗದ ಸುಡಬಹುದು, ಕಂಪ್ಯೂಟರಿನ ಒಳಗಿನದ್ದನ್ನು ಏನು ಮಾಡುವುದು? ಅಳಿಸಿದ್ದನ್ನು ಯಾರೋ ಮತ್ತೆ ಎತ್ತಬಹುದು ಎಂದು ಯಾರೋ ಹೇಳಿದರಂತೆ. ಇವನಿಗೆ ಊಟ ಸೇರಲಿಲ್ಲ. ಕುರುಹೂ ಉಳಿಯದಂತೆ ಅಳಿಸುವ ಸಾಫ್ಟ್‌ವೇರ್ ಒಂದನ್ನು ಹಾಕಿಸಿ, ದಿನಾ ಮಧ್ಯಾಹ್ನ ನಡೆಸತೊಡಗಿದ. ಒಂದೂವರೆ ತಿಂಗಳಲ್ಲಿ ಕಂಪ್ಯೂಟರ್ ಜಾಗವಿಲ್ಲ, ಜಾಗವಿಲ್ಲ ಅಂದಿತು. ಇವನು ಇನ್ನಷ್ಟು ಅಳಿಸಿದ. ಅದು ಇನ್ನಷ್ಟು ತುಂಬಿತು. ಕೊನೆಗೆ ತೆರೆಯುವುದನ್ನೇ ನಿಲ್ಲಿಸಿತು.

ಕಂಪ್ಯೂಟರಿನ ಡಬ್ಬವನ್ನು ಹಳೆಯ ಲುಂಗಿಯಲ್ಲಿ ಸುತ್ತಿ ಮೂಡುಬಿದಿರೆಗೆ ಹೊರಟೆವು. ರಿಪೇರಿ ಅಂಗಡಿಯ ಹೆಂಗಸು ನೋಡಿ, ಎಲ್ಲ ತೆಗೆದು ಹೊಸತಾಗಿ ಹಾಕುವ, ಒಳಗೆ ಇದ್ದದ್ದು ಹೋಗುತ್ತದೆ ಅಂದಳು. ತಮ್ಮನ ಮುಖ ಸಣ್ಣದಾಯಿತು.

"ಅದರಲ್ಲಿ ಒಂದು ಫೋಲ್ಡರ್ ಉಂಟು. ಅದು ಹೋಗಬಾರದು."

ಬೇರೆ ಪ್ರತಿ ಇಲ್ಲವೇ ಎಂದು ಕೇಳಿದಳು. ಇಲ್ಲ. ಜೀವಮಾನವಿಡೀ ಊರವರಿಗೆ ಪ್ರತಿ ಮಾಡಿ ಕೊಟ್ಟವನು ತನ್ನದಕ್ಕೆ ಎರಡನೇ ಪ್ರತಿ ಇಟ್ಟಿಲ್ಲ. ಎರಡು ಕಡೆ ಇಟ್ಟದ್ದು ಗುಟ್ಟಲ್ಲವಂತೆ! ಫೋಲ್ಡರಿನಲ್ಲಿ ಏನು ಅಂತ ನಾನು ಕೇಳಿದರೆ ಫ್ಯಾನು ನೋಡಿದ.

ಸರಿ, ಈ ಸಾಫ್ಟ್‌ವೇರ್ ಮಾಡುವುದಾದರೂ ಏನು ಎಂದು ಅವಳನ್ನೇ ಕೇಳಿದೆ. ಖಾಲಿ ಜಾಗಕ್ಕೆಲ್ಲ ಅರ್ಥವಿಲ್ಲದ್ದನ್ನು ತುಂಬಿಸಿ ಹಳೆಯ ಗುರುತು ಮುಚ್ಚುತ್ತದೆ, ಕೊನೆಗೆ ತುಂಬಿಸಿದ್ದನ್ನು ತಾನೇ ತೆಗೆಯುತ್ತದೆ ಅಂದಳು. ಪಾತ್ರೆಗೆ ಬೂದಿ ಹಾಕಿ ತಿಕ್ಕಿ ತೊಳೆದ ಹಾಗೆ. ಆದರೆ ಅದನ್ನು ಕೊನೆಯವರೆಗೆ ನಡೆಯಲಿಕ್ಕೆ ಇವನು ಯಾವಾಗ ಬಿಟ್ಟಿದ್ದಾನೆ? ಇದು ಸಿಡಿಲಿನ ತಿಂಗಳು. ಮೂರು ಗಂಟೆಗೆ ಚಾರ್ಮಾಡಿ ಕಡೆ ಒಮ್ಮೆ ಗುಡುಗಿದರೆ ನಮ್ಮಲ್ಲಿ ಎಲ್ಲರೂ ಪ್ಲಗ್ ಕೀಳುವುದೇ. ಇವನಂತೂ ಮೋಡ ಕಂಡರೆ ಸಾಕು.

"ದಿನಾ ಬೂದಿ ಹಾಕಿ ತಿಕ್ಕಿದ್ದಾನೆ, ಒಂದು ದಿನವೂ ತೊಳೆಯಲಿಲ್ಲ," ಅಂದೆ.

ಅವಳು ನನ್ನನ್ನೊಮ್ಮೆ ನೋಡಿ, ಡಬ್ಬ ಬಿಚ್ಚಿ ಒಳಗಿನ ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದಳು. ಅರ್ಧಕ್ಕೆ ನಿಂತ ದಿನಗಳ ಕಸವೆಲ್ಲ ಅಡಗಿ ಕೂತಿತ್ತು. ಬಳಿದು ತೆಗೆದಳು. ಜಾಗ ಬಂತು. ಇವನ ಫೋಲ್ಡರ್ ಸರಿ ಉಂಟಾ ಎಂದು ತೆರೆದಳು.

ನನ್ನ ಅಕ್ಷರ!

ಐವತ್ತೊಂಬತ್ತನೇ ವಯಸ್ಸಿನವರೆಗೆ ನಾನು ಹೆಬ್ಬೆಟ್ಟು. ಹಾಳಾದ ಜೆರಾಕ್ಸಿನ ಹಿಂಬದಿಯಲ್ಲಿ ಕೈ ಹಿಡಿದು ಬರೆಸಿದವನು ಇವನೇ. ಆ ಹಾಳೆಗಳನ್ನು ಸಂಜೆ ಒಲೆಗೆ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಇನ್ನೊಂದು ಬದಿಯಲ್ಲಿ ಬೇರೆಯವರ ಗುಟ್ಟು ಇತ್ತಲ್ಲ. ಸುಡುವ ಮೊದಲು ನನ್ನ ಬದಿಯನ್ನು ಮಾತ್ರ ಸ್ಕ್ಯಾನ್ ಮಾಡಿ ಇಟ್ಟಿದ್ದಾನೆ. ಮೊದಲ ದಿನದ 'ಅ' ಹೊಟ್ಟೆ ಬಂದ ಎಮ್ಮೆಯ ಹಾಗೆ ಮಲಗಿತ್ತು.

"ಇದೆಂಥ ಚಂದ ಅಂತ ಇಟ್ಟದ್ದು? ಊರಿನದ್ದೆಲ್ಲ ಅಳಿಸ್ತಿ, ಇದನ್ನೂ ಅಳಿಸು ಮಾರಾಯ."

"ಮೋಡ ಆಗಿದೆ ಅಕ್ಕ. ಹೋಗುವ," ಅಂದ.

ಬಸ್ಸಿನಲ್ಲಿ ಲುಂಗಿಯ ಗಂಟನ್ನು ಎರಡೂ ಕೈಯಲ್ಲಿ ಅಪ್ಪಿ ಕೂತಿದ್ದ. ಹಾಗಾಗಿ ಕಂಡಕ್ಟರು ಟಿಕೇಟು ನನ್ನ ಕೈಗೆ ಕೊಟ್ಟರು. ಓದಿದೆ. ಮೂಡುಬಿದಿರೆಯಿಂದ ಗುರುವಾಯನಕೆರೆ, ಜನ ಎರಡು. ಒಂದಕ್ಷರ ಬಿಡದೆ ಓದಿದೆ.

ಇವನು ಗಂಟು ಕೆಳಗಿಡದೆ ಟಿಕೇಟನ್ನೇ ನೋಡುತ್ತಿದ್ದ. ವೇಣೂರು ದಾಟುವವರೆಗೆ ಕಾದು, ನಾನೇ ಹದಿನಾರು ಚೂರು ಮಾಡಿದೆ.