ವಾಸ್ತು ಪ್ರಕಾರ ಸಂಗೀತ

ಇನ್ನು ಮುಂದೆ ಬಳ್ಳಾರಿಯಲ್ಲಿ ತನ್ನನ್ನು ಯಾರೂ ‘ಲಾರಿ ಕೊಟ್ಟೂರಪ್ಪ’ ಎನ್ನಕೂಡದು, ‘ರಸಿಕ ಕೊಟ್ಟೂರಪ್ಪ’ ಎನ್ನಬೇಕು ಎಂದು ಕೊಟ್ಟೂರಪ್ಪ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಲೇ ತೀರ್ಮಾನಿಸಿಬಿಟ್ಟ. ಕುರುಗೋಡಿನಿಂದ ಒಂದು ಮುರುಕು ಲಾರಿಯೊಂದಿಗೆ ಬಂದವನು ಅದಿರಿನ ಕೃಪೆಯಿಂದ ಸಾಲು ಸಾಲು ಲಾರಿಗಳ ಧಣಿಯಾಗಿದ್ದ. ಇಲ್ಲಿನ ಕೆಂಪು ಮಣ್ಣು ಚೀನಾಕ್ಕೆ ಹೋಗಿ ಬಂಗಲೆಯಾಗಿ ವಾಪಸ್ಸು ಬರುತ್ತಿದ್ದ ಕಾಲ ಅದು. ಬಂಗಲೆ ಬಂತು, ಕಾರು ಬಂತು, ಕೊರಳಿಗೆ ಹಗ್ಗದಷ್ಟು ದಪ್ಪನೆಯ ಚಿನ್ನದ ಸರ ಬಂತು. ಮರ್ಯಾದೆ ಮಾತ್ರ ಎಲ್ಲೋ ದಾರಿಯಲ್ಲಿ ಪಂಕ್ಚರಾಗಿ ನಿಂತಿತ್ತು. ಅಷ್ಟರಲ್ಲಿ ಊರಿನ ಸಂಗೀತ ಸಭಾದವರು ಹೊಸ ಅಧ್ಯಕ್ಷರನ್ನು ಹುಡುಕುತ್ತಿದ್ದಾರೆಂಬ ಸುದ್ದಿ ಕಿವಿಗೆ ಬಿತ್ತು. ಆ ಕುರ್ಚಿಯಲ್ಲಿ ಕೂತರೆ ಜನ್ಮ ಸಾರ್ಥಕ!

ಅದಿರನ್ನು ಟನ್ನುಗಟ್ಟಲೆ ಮಾರಿದವನು ಸಂಗೀತವನ್ನು ಬಿಡಿಬಿಡಿಯಾಗಿ ಕೊಳ್ಳುತ್ತಾನೆಯೇ? ಮುಂಬೈ ಕಡೆ ಹೋಗುವ ಡ್ರೈವರುಗಳಿಗೆ, ಶಾಸ್ತ್ರೀಯ ಎಂದು ಬರೆದದ್ದನ್ನೆಲ್ಲ ತುಂಬಿಕೊಂಡು ಬರಬೇಕೆಂದು ಹುಕುಂ ಹೋಯಿತು. ಖಯಾಲು, ಠುಮ್ರಿ, ಸಿತಾರು, ಶಹನಾಯಿ ಎಲ್ಲವೂ ತಾಡಪತ್ರಿ ಹೊದ್ದುಕೊಂಡು ಬಂದವು. ನಡುವೆ ಯೋಗಾಸನದ್ದೂ ಒಂದು ಡಿಸ್ಕು ಬಂದಿತ್ತು, ಅದಕ್ಕೂ ಗಾಜಿನ ಕಪಾಟಿನಲ್ಲಿ ಜಾಗ ಸಿಕ್ಕಿತು.

ಇವನ್ನು ಕೇಳಲು ಸುತ್ತಲಿಂದಲೂ ಸದ್ದು ಬರುವ ಸರೌಂಡ್ ಸೌಂಡ್ ಬಂತು: ಐದು ಸ್ಪೀಕರು, ಜೊತೆಗೆ ಗುಂ ಎನ್ನಲು ಒಂದು ದೊಡ್ಡ ಡಬ್ಬಿ. ಜೋಡಿಸಲು ಬಂದ ಕೌಲ್‌ಬಜಾರದ ಫಾರೂಕ್ ಮೊದಲೇ ಹೇಳಿದ.

“ಧಣೇರ, ಎಲ್ಲಾ ಒಂದಾ ರೂಮಿನ್ಯಾಗ ಇರಬೇಕು. ಹಾಡೋದು ಮುಂದಿನ ಸ್ಪೀಕರಿನ್ಯಾಗ, ಕಚೇರಿ ಕೇಳಾಕ ಬಂದ ಜನರ ಗದ್ಲ ಹಿಂದಿನ ಎರಡರಾಗ. ನೀವು ನಡುವ ಕುಂದ್ರಬೇಕು.”

ಆದರೆ ವಾಸ್ತು ಹೇಳುವ ಆದೋನಿಯ ಸಿದ್ಧಾಂತಿಯನ್ನು ಕೇಳದೆ ಕೊಟ್ಟೂರಪ್ಪ ಗೋಡೆಗೆ ಮೊಳೆಯನ್ನೂ ಹೊಡೆಯುವವನಲ್ಲ. ಆ ಸಿದ್ಧಾಂತಿಯ ಮಾತು ಕೇಳಿಯೇ ಮನೆಯ ಗೇಟು ಮೂರು ದಿಕ್ಕು ಸುತ್ತಿ ಬಂದಿತ್ತು. ಆತ ದಿಕ್ಸೂಚಿ ಹಿಡಿದು ಮನೆಯೆಲ್ಲ ಓಡಾಡಿದ. ಭಾರವಾದ ಡಬ್ಬಿ ನೈಋತ್ಯಕ್ಕೆ, ಅಂದರೆ ಅಕ್ಕಿ ಮೂಟೆಗಳ ಕೋಣೆಗೆ. ಹಾಡುಗಾರನ ಧ್ವನಿ ಬರುವ ನಡುವಿನ ಸ್ಪೀಕರು ಆಗ್ನೇಯಕ್ಕೆ, ಅಂದರೆ ಅಡುಗೆಮನೆಗೆ. ಅಕ್ಕಪಕ್ಕದವುಗಳಲ್ಲಿ ಒಂದು ದೇವರ ಕೋಣೆಗೆ, ಇನ್ನೊಂದು ಬಚ್ಚಲಿಗೆ. ಯಜಮಾನನ ತಲೆಯ ಹತ್ತಿರ ಭಾರ ಇರಬಾರದಾದ್ದರಿಂದ, ಹಿಂದೆ ಇಡುವ ಹಗುರವಾದ ಎರಡು ಮಾತ್ರ ಹಾಲಿನಲ್ಲಿ ಅವನ ಸೋಫಾದ ಬಳಿಗೆ. ಫಾರೂಕ್ ಕೋಣೆ ಕೋಣೆಗೂ ವೈರು ಎಳೆದ.

ಅಂದಿನಿಂದ ಶುರುವಾಯಿತು ನೋಡಿ ಕೊಟ್ಟೂರಪ್ಪನ ಸಂಗೀತ ತಪಸ್ಸು! ಅದಿರಿನ ಧೂಳು ನುಗ್ಗಬಾರದೆಂದು ಮನೆಯ ಬಾಗಿಲುಗಳೆಲ್ಲ ಬಂದ್. ಕಣ್ಣು ಮುಚ್ಚಿ ಕೂತರೆ ಎಷ್ಟೋ ಹೊತ್ತು ನಿಶ್ಶಬ್ದ. ಆಮೇಲೆ ಯಾರೋ ಕೆಮ್ಮುತ್ತಾರೆ. ಕುರ್ಚಿ ಕಿರ್ ಎನ್ನುತ್ತದೆ. ಯಾರೋ “ವಾಹ್ ವಾಹ್” ಎನ್ನುತ್ತಾರೆ. ಕೊನೆಗೆ ಚಪ್ಪಾಳೆಯ ಸುರಿಮಳೆ. ಅರ್ಥವಾಗದಿರುವುದೇ ಶಾಸ್ತ್ರೀಯ ಎಂದು ಯಾರೋ ಹೇಳಿದ್ದು ನೆನಪಿತ್ತು. ಹಾಗಾದರೆ ಇದು ಬಹಳ ಮೇಲ್ಮಟ್ಟದ್ದೇ ಇರಬೇಕು ಎಂದು ಅವನಿಗೆ ಹೆಮ್ಮೆಯಾಯಿತು. ಬರಬರುತ್ತ ಕೆಮ್ಮು ಕೇಳಿಯೇ ಡಿಸ್ಕು ಗುರುತಿಸುವಷ್ಟು ಪಳಗಿದ. ಆಗೀಗ ಅಡುಗೆಮನೆಯಿಂದ ಯಾವುದೋ ಹಾಡು ತೇಲಿ ಬಂದರೆ, ಹೆಂಡತಿ ಚನ್ನವೀರಮ್ಮ ರೇಡಿಯೋ ಹಚ್ಚಿ ತನ್ನ ಸಂಗೀತ ಕೆಡಿಸುತ್ತಿದ್ದಾಳೆ ಎಂದು ಗೊಣಗಿ ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತಿದ್ದ.

ಕಡೆಗೂ ಸಭಾದವರು ಅಭ್ಯರ್ಥಿಯನ್ನು ನೋಡಲು ಬಂದರು. ಮುಂದಾಳು ಸಿರುಗುಪ್ಪದ ಚನ್ನಬಸವರಾಜ ಮೇಷ್ಟ್ರು, ಹಿಂದೆ ನಾಲ್ಕು ಜನ. ಕೊಟ್ಟೂರಪ್ಪ ರೇಷ್ಮೆ ಜುಬ್ಬಾ ತೊಟ್ಟು ಅವರನ್ನು ಸೋಫಾದಲ್ಲಿ ಕೂರಿಸಿ, ತನಗೆ ಪ್ರಾಣವಾಗಿದ್ದ ಡಿಸ್ಕು ಹಾಕಿದ. ನಿಶ್ಶಬ್ದ. ಮೇಷ್ಟ್ರು ಕಿವಿ ಮುಂದೆ ಮಾಡಿದರು. ಕೊಟ್ಟೂರಪ್ಪ ಬೆರಳೆತ್ತಿದ.

“ಈಗ ಬರತೈತಿ ನೋಡ್ರಿ.”

ಕೆಮ್ಮು ಬಂತು. ಕೊಟ್ಟೂರಪ್ಪ ತಲೆದೂಗಿದ. ಸಭಾದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರು ಮೆಲ್ಲಗೆ, ಹಾಡು ಯಾವಾಗ ಶುರುವಾಗುತ್ತದೆ ಎಂದು ಕೇಳಿದರು. ಹಾಡು ಆಗಲೇ ಅರ್ಧ ಮುಗಿಯಿತೆಂದು ಕೊಟ್ಟೂರಪ್ಪ ಅವರ ಅಜ್ಞಾನಕ್ಕೆ ಮರುಗಿದ.

ಆ ಹೊತ್ತಿಗೆ ಸರಿಯಾಗಿ ಚನ್ನವೀರಮ್ಮ ಒಗ್ಗರಣೆ ಮಂಡಕ್ಕಿ, ಮಿರ್ಚಿಯ ತಟ್ಟೆಗಳನ್ನು ಹಿಡಿದು ಭುಜದಿಂದ ಬಾಗಿಲು ತಳ್ಳಿದಳು. ಅವಳ ಬೆನ್ನ ಹಿಂದಿನಿಂದ ತುಂಬುಕಂಠದ ಆಲಾಪ ಹಾಲಿಗೆ ನುಗ್ಗಿತು. ಮೇಷ್ಟ್ರು ಎದ್ದೇಬಿಟ್ಟರು. ಅವರ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಎದ್ದು, ತಟ್ಟೆ ಹಿಡಿದುಕೊಂಡು ಅಡುಗೆಮನೆಗೆ ನಡೆದರು. ಸಿಲಿಂಡರಿನ ಪಕ್ಕ ಒಬ್ಬರು, ಒರಳಿನ ಮೇಲೆ ಒಬ್ಬರು, ಹೀಗೆ ಸಭೆ ಅಲ್ಲೇ ನೆರೆಯಿತು. ಚನ್ನವೀರಮ್ಮ ರೊಟ್ಟಿ ಬಡಿಯುತ್ತಲೇ, ಈ ಹಾಡುಗಾರ ಇನ್ನು ಸ್ವಲ್ಪ ಹೊತ್ತಿಗೆ ಹೇಗೆ ಮೇಲೇರುತ್ತಾನೆ, ಎಲ್ಲಿ ಉಸಿರು ಹಿಡಿದು ನಿಲ್ಲುತ್ತಾನೆ ಎಂದೆಲ್ಲ ಮನೆಯ ಮೈದುನನ ಸುದ್ದಿ ಹೇಳುವಂತೆ ಹೇಳಿದಳು. ರಾಗದ ಹೆಸರು ಕೇಳಿದರೆ ಅದು ತನಗೆ ಗೊತ್ತಿಲ್ಲವೆಂದಳು.

“ಒಂದಾ ಬ್ಯಾಸರ ನೋಡ್ರಿ, ಮೇಷ್ಟ್ರ. ಇಷ್ಟು ಚಂದ ಹಾಡ್ತಾನ, ಪಾಪ, ಯಾರೂ ಒಂದು ಶಾಬಾಸ್ ಅಂದಿದ್ದು ನಾ ಕೇಳಿಲ್ಲ.”

ಶಾಬಾಸೆಲ್ಲ ಹಾಲಿನಲ್ಲಿ ಬೀಳುತ್ತಿತ್ತು. ರೇಷ್ಮೆ ಜುಬ್ಬಾದಲ್ಲಿ ಒಬ್ಬನೇ ಕೂತ ಕೊಟ್ಟೂರಪ್ಪನ ಎರಡೂ ಕಿವಿಗಳ ಹಿಂದೆ ಭೋರ್ಗರೆಯುವ ಚಪ್ಪಾಳೆ! ಈ ಮನೆಯ ಸಂಗೀತವೆಲ್ಲ ಆ ಬಾಗಿಲಿನ ಆಚೆ ಇತ್ತು ಎಂದು ಆಗ ಅವನಿಗೆ ಹೊಳೆಯಿತು. ನಾಚಿಕೆಯಿಂದ ಮುಖ ಅದಿರಿನ ಬಣ್ಣಕ್ಕೆ ತಿರುಗಿತು.

ಮೇಷ್ಟ್ರು ಬಾಯಿ ಒರೆಸಿಕೊಂಡು ಹೊರಗೆ ಬಂದು, ಚನ್ನವೀರಮ್ಮನವರೇ ನಮ್ಮ ಅಧ್ಯಕ್ಷರು, ಅವರನ್ನು ಈಗಷ್ಟೇ ಒಪ್ಪಿಸಿದೆವು ಎಂದು ತಿಳಿಸಿದರು. ಕೊಟ್ಟೂರಪ್ಪ ಸೋಫಾದಿಂದ ಎದ್ದ.

“ಹಂಗಾದ್ರ ನಾನು, ಮೇಷ್ಟ್ರ?”

ಮೇಷ್ಟ್ರು ಪ್ರೀತಿಯಿಂದಲೇ ಅವನ ಭುಜ ತಟ್ಟಿದರು.

“ನೀವಿಲ್ಲದ ನಡಿಯಂಗಿಲ್ಲ, ಧಣೇರ. ಕಚೇರಿಯಾಗ ಯಾವಾಗ ಚಪ್ಪಾಳಿ ಹೊಡೀಬೇಕು ಅಂತ ನಮ್ಮ ಜನಕ್ಕ ಗೊತ್ತಾಗಂಗಿಲ್ಲ. ಮುಂದಿನ ಸಾಲಿನ್ಯಾಗ ಕುಂತು ನೀವಾ ಶುರು ಮಾಡ್ರಿ. ನಿಮ್ಮಷ್ಟು ಅಭ್ಯಾಸ ಮಾಡಿದೋರು ಜಿಲ್ಲಾದಾಗ ಇಲ್ಲ.”