ಸೆಲ್ಲಿಗೂ ಸ್ಪ್ರಿಂಗಿಗೂ ನಡುವೆ

ದೊಡ್ಡ ಪಾಪ ಮಾಡಿದವರಿಗೆ ಒಂದು ಅನುಕೂಲವಿದೆ. ನದಿಯಲ್ಲಿ ಮುಳುಗು ಹಾಕಬಹುದು, ಮಠಕ್ಕೆ ಹೋಗಿ ಅಡ್ಡಬೀಳಬಹುದು, ಒಂದು ಹೊತ್ತು ಊಟ ಬಿಡಬಹುದು. ಸಣ್ಣ ಪಾಪ ಮಾಡಿದವನ ಗತಿ ಏನು? ಟಿ.ವಿ. ರಿಮೋಟಿನ ವಿಷಯದಲ್ಲಿ ಹೆಂಡತಿಗೆ ಸುಳ್ಳು ಹೇಳಿದೆ ಎಂದು ಸ್ವಾಮಿಗಳ ಮುಂದೆ ನಿಂತರೆ, ಅವರು ಕೈಗಿಷ್ಟು ಪ್ರಸಾದ ಹಾಕಿ ಮುಂದಿನವರನ್ನು ಕರೆದಾರು. ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ನಾನು ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ನಲವತ್ತು ವರ್ಷ ಜಾಬರ್ ಆಗಿದ್ದವನು. ಜಾಬರ್ ಎಂದರೆ ಕೆಟ್ಟು ನಿಂತ ಮಗ್ಗವನ್ನು ಬೈದು, ಬಡಿದು, ಮತ್ತೆ ಓಡಿಸುವವನು. ಮ್ಯಾಟ್ರಿಕ್ ಮುಗಿಸಿ, ಎಲ್ಲಾದರೂ ಗುಮಾಸ್ತನಾಗೋಣವೆಂದು ನಮ್ಮೂರು ಸುಳಕೂಡದಿಂದ ಬಂದವನ ಕೈಗೆ ಪೆನ್ನಿನ ಬದಲು ನಟ್ಟು ತಿರುಗಿಸುವ ಪಾನಾ ಸಿಕ್ಕಿತು. ಆ ಗದ್ದಲ ನನಗೆ ಅನ್ನ ಕೊಟ್ಟು ಕಿವಿ ಇಟ್ಟುಕೊಂಡಿತು. ಅಷ್ಟು ಮಗ್ಗಗಳು ಒಟ್ಟಿಗೆ ಹೊಡೆದುಕೊಳ್ಳುವಾಗ ಅಲ್ಲಿ ಯಾರೂ ಕೂಗಿ ಮಾತಾಡುವುದಿಲ್ಲ. ತುಟಿ ಆಡಿಸುತ್ತಾರೆ, ಎದುರಿನವರು ಓದಿಕೊಳ್ಳುತ್ತಾರೆ. ನನ್ನ ಹೆಂಡತಿ ಗಂಗವ್ವ ಅದೇ ಶೆಡ್ಡಿನ ಮೂಲೆಯಲ್ಲಿ ಲಾಳಿಯೊಳಗಿನ ಕಾಂಡಿಗೆ ನೂಲು ಸುತ್ತುತ್ತಿದ್ದಳು. ಆಗ ನಮ್ಮದು ಒಂದೇ ಖೋಲಿಯ ಮನೆ. ಅದರಲ್ಲಿ ನನ್ನ ತಾಯಿ, ಇಬ್ಬರು ತಂಗಿಯರು, ನಾವು. ಮನೆಯಲ್ಲಿ ನಾವಿಬ್ಬರೂ ಉಪ್ಪು, ನೀರು, ಚಾದರಗಳ ಆಚೆ ಮಾತಾಡಿದ್ದೇ ಇಲ್ಲ. ನಮಗೆ ಏಕಾಂತ ಎಂಬುದು ಸಿಗುತ್ತಿದ್ದುದು ಶೆಡ್ಡಿನ ಗದ್ದಲದಲ್ಲಿ. ಮಾಲಕ ನನ್ನ ಪಕ್ಕದಲ್ಲೇ ನಿಂತಿರುವಾಗ ಅವಳು ಹತ್ತು ಮಗ್ಗಗಳ ಆಚೆಯಿಂದ, "ಸೇಠನ ಹೊಟ್ಟಿ ನೋಡ್ರಿ, ಅಂಗಿ ಗುಂಡಿ ಯಾವಾಗ ಹಾರ್ತಾವೋ!" ಎಂದು ತುಟಿಯಲ್ಲೇ ಹೇಳಿ, ಏನೂ ಆಗದವಳಂತೆ ನೂಲಿನತ್ತ ತಿರುಗುತ್ತಿದ್ದಳು. ನಗು ತಡೆಯಲಾಗದೆ ನಾನು ಮಗ್ಗದ ಕೆಳಗೆ ತೂರಿಕೊಳ್ಳುತ್ತಿದ್ದೆ. ಜಾಬರ್ ಭಾಳ ಕಾಳಜಿಯ ಮನುಷ್ಯ ಎಂದು ಸೇಠ್ ಹೊಗಳಿದ್ದೂ ಉಂಟು.

ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಉಳಿದದ್ದು ನಾವಿಬ್ಬರು ಮತ್ತು ಟಿ.ವಿ. ಈಗ ಬೇಕಾದಷ್ಟು ಏಕಾಂತ. ಆದರೆ ಇಬ್ಬರೂ ಅಕ್ಕಪಕ್ಕ ಕೂತು ಟಿ.ವಿ.ಯತ್ತ ಮುಖ ಮಾಡಿದರೆ ಅವಳ ತುಟಿ ನನಗೆ ಕಾಣುವುದಿಲ್ಲ. ಅವಳು ಧಾರಾವಾಹಿ ನೋಡುತ್ತಲೇ ಏನೋ ಹೇಳುತ್ತಾಳೆ, ನಾನು "ಹೂಂ" ಅನ್ನುತ್ತೇನೆ. ಕಿವಿ ಕೇಳುತ್ತಿಲ್ಲ ಎಂದು ಒಪ್ಪಿಕೊಳ್ಳಲು ಬಿಂಕ. ಹೀಗೇ ಒಮ್ಮೆ "ಹೂಂ" ಅಂದದ್ದಕ್ಕೆ ಗಡಹಿಂಗ್ಲಜದ ಅವಳ ತಂಗಿ ಗಂಡನ ಸಮೇತ ಬಂದು ಹದಿನೈದು ದಿನ ಇದ್ದಳು.

ಇಂಥದರಲ್ಲಿ ಒಂದು ದಿನ ರಿಮೋಟ್ ಕೆಟ್ಟಿತು. ಒತ್ತಿದೆ, ಕುಟ್ಟಿದೆ, ತೊಡೆಗೆ ಉಜ್ಜಿದೆ, ಸೆಲ್ಲುಗಳನ್ನು ಅದಲುಬದಲು ಮಾಡಿದೆ. ಏನೂ ಆಗಲಿಲ್ಲ. ಟಿ.ವಿ.ಯ ಮೈಮೇಲಿನ ಗುಂಡಿ ಎಂದೋ ಮುರಿದಿದ್ದರಿಂದ ರಿಮೋಟ್ ಇಲ್ಲದೆ ಅದು ಹತ್ತುತ್ತಿರಲಿಲ್ಲ. ಟಿ.ವಿ. ಇಲ್ಲದ ಆ ಸಂಜೆ ಗಂಗವ್ವ ನನ್ನ ಎದುರಿಗೆ ಕೂತು ಅವರೆಕಾಯಿ ಸುಲಿದಳು. ಸುಲಿಯುತ್ತ ಮಾತಾಡಿದಳು. ಪಕ್ಕದ ಮನೆಯ ಜಗಳ, ಅವಳ ಮೊಣಕಾಲು ನೋವು, ನನ್ನ ತಾಯಿ ಅವಳಿಗೆ ಕೊಟ್ಟ ಕಾಟ, ಸೇಠನ ಹೊಟ್ಟೆ. ಒಂದಕ್ಷರ ಬಿಡದೆ ಎಲ್ಲವನ್ನೂ ಓದಿಕೊಂಡೆ. ಎಷ್ಟು ವರ್ಷಗಳ ಮೇಲೆ ಅವಳ ಮುಖ ನನ್ನ ಕಡೆಗಿತ್ತೋ!

ಮರುದಿನ ರಿಮೋಟ್ ಬಿಚ್ಚಿದೆ. ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದಿತ್ತು. ಉಗುರಿನಿಂದ ಕೆರೆದೆ, ಸರಿಹೋಯಿತು. ಅದನ್ನು ಹೇಳಲು ಬಾಯಿ ತೆರೆದವನು ಮುಚ್ಚಿದೆ. ಬಿಸ್ಕಿಟ್ ಪಾಕೀಟಿನ ಪ್ಲಾಸ್ಟಿಕ್ಕನ್ನು ಉಗುರಿನಷ್ಟು ಹರಿದು ಸೆಲ್ಲಿಗೂ ಸ್ಪ್ರಿಂಗಿಗೂ ನಡುವೆ ಸಿಕ್ಕಿಸಿ ಮುಚ್ಚಳ ಹಾಕಿದೆ. ಪಾಪವೆಂದರೆ ಇದೇ.

"ಅಲ್ರೀ, ಇಡೀ ಮಗ್ಗ ಬಿಚ್ಚಿ ಜೋಡಸ್ತಿದ್ರಿ, ಅಂಗೈಯಷ್ಟ ಡಬ್ಬಿ ನಿಮಗ ನೀಗವಲ್ದಾ?" ಎಂದಳು.

"ಒಳಗಿನ ಸಾಮಾನ ಹೋಗೇತಿ. ಕೊಲ್ಲಾಪುರದಿಂದ ಬರಬೇಕಂತ."

"ಕೊಲ್ಲಾಪುರೇನ ಲಂಡನ್ನೇನ್ರಿ? ತಾಸಿನ ಹಾದಿ!"

ನಲವತ್ತು ವರ್ಷದ ಜಾಬರನ ಮರ್ಯಾದೆ ಹೋಯಿತು. ಹೋಗಲಿ, ಮುಖ ಸಿಕ್ಕಿತಲ್ಲ ಎಂದುಕೊಂಡೆ. ಅದೂ ಸಿಗಲಿಲ್ಲ. ಅವಳ ಧಾರಾವಾಹಿಯಲ್ಲಿ ಆ ವಾರವೇ ಮದುವೆಯಂತೆ. ಗಂಗವ್ವ ಮೇಲಿನ ಮಹಡಿಯ ಮರಾಠಿ ಹೆಂಗಸು ಸುಮನತಾಯಿಯ ಮನೆಗೆ ನೋಡಲು ಹೋಗತೊಡಗಿದಳು. ಪಕ್ಕಕ್ಕಾದರೂ ಇದ್ದವಳು ಈಗ ತಲೆಯ ಮೇಲೆ. ನಾನೊಬ್ಬನೇ ಸತ್ತ ಟಿ.ವಿ.ಯ ಮುಂದೆ ಕೂತು, ಅದರ ಕರಿ ಗಾಜಿನಲ್ಲಿ ನನ್ನದೇ ಮುಖ ನೋಡಿದೆ. ಅದಕ್ಕಾಗಿ ಯಾರೂ ಇಷ್ಟು ಕಷ್ಟಪಡುವುದಿಲ್ಲ.

ಐದನೆಯ ದಿನ ಬಾಗಿಲಲ್ಲಿ ನಿಂತಿದ್ದ ನನ್ನ ಕಣ್ಣಿಗೆ ಅವಳು ಮೆಟ್ಟಿಲು ಹತ್ತುವುದು ಬಿತ್ತು. ಗೋಡೆಗೆ ಕೈಕೊಟ್ಟು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು, ನಡುವೆ ನಿಂತು ಮೊಣಕಾಲು ತಿಕ್ಕಿಕೊಂಡು ಹತ್ತುತ್ತಿದ್ದಳು. ನೋವಿನ ಮಾತು ಮೊನ್ನೆ ತಾನೇ ಅವಳ ತುಟಿಯಲ್ಲಿ ಓದಿದ್ದೆ. ಓದಿ ಏನು ಬಂತು? ಒಳಗೆ ಹೋಗಿ ಪ್ಲಾಸ್ಟಿಕ್ ಕಿತ್ತೆ. "ಇಳಿದ ಬಾ, ರಿಪೇರಿ ಆತ" ಎಂದು ಕರೆದೆ. ಬಂದವಳು ಟಿ.ವಿ. ನೋಡಿ ಅರಳಿ, ನನ್ನತ್ತ ತಿರುಗಿ, "ಅಂತೂ ಜಾಬರ್ ಜಾಬರನ ಬಿಡ್ರಿ!" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಹೊಗಳಿಕೆ ಎದೆ ಸುಟ್ಟಿತು.

ಅವಳು ಮದುವೆ ನೋಡುತ್ತಿದ್ದಳು, ನಾನು ಪಕ್ಕದಿಂದ ತಪ್ಪೊಪ್ಪಿಕೊಂಡೆ. ನನ್ನ ದನಿ ಎಷ್ಟು ಏರುತ್ತದೆಂಬುದು ನನಗೇ ತಿಳಿಯುವುದಿಲ್ಲ. "ಗಂಗಾ, ರಿಮೋಟ್ ಎಂದೋ ಸರಿ ಆಗಿತ್ತ! ನಾನ ಒಳಗ ಪ್ಲಾಸ್ಟಿಕ್ ಇಟ್ಟಿದ್ದೆ! ನನಗ ಕಿವಿ ಕೇಳವಲ್ದು! ನೀ ಇತ್ತಾಗ ಮಾರಿ ಮಾಡಿ ಮಾತಾಡ್ಲಿ ಅಂತ ಮಾಡಿದೆ! ನಿನ್ನ ಮಾರಿ ನೋಡಬೇಕಾಗಿತ್ತ!"

ಓಣಿಯ ನಳದ ಹತ್ತಿರ ಕೊಡ ಹಿಡಿದಿದ್ದ ಹೆಂಗಸರೆಲ್ಲ ನಮ್ಮ ಬಾಗಿಲಿಗೆ ಬಂದು ನೆರೆದರು. ಜಗಳವೆಂದು ತಿಳಿದು ಸುಮನತಾಯಿ ದಡದಡ ಇಳಿದು ಬಂದು, "ಅಹೋ ಕಾಕಾ, ಕಾಯ್ ಝಾಲಂ?" ಎಂದು ಏನಾಯಿತೆಂದು ಕೇಳುತ್ತ ಬಾಗಿಲಲ್ಲೇ ನಿಂತಳು. ಗಂಗವ್ವ ಟಿ.ವಿ. ಬಿಟ್ಟು ಪೂರ್ತಿ ನನ್ನತ್ತ ತಿರುಗಿದಳು. ಬಾಗಿಲಲ್ಲಿ ನೆರೆದವರನ್ನೂ ನೋಡಿದಳು. ನಾಚಿಕೆಯಿಂದ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಏನೋ ಹೇಳಿದಳು. ಒಂದು ಮಾತಲ್ಲ, ಬಹಳ ಹೊತ್ತು ಹೇಳಿದಳು. ನನಗೆ ಕಂಡದ್ದು ಅವಳ ಕಣ್ಣು ಮಾತ್ರ. ಶೆಡ್ಡಿನಲ್ಲಿ ನಮಗೆ ಕಣ್ಣು ಓದುವುದನ್ನು ಯಾರೂ ಕಲಿಸಿರಲಿಲ್ಲ.

ಅಂದಿನಿಂದ ಓಣಿಯ ಹೆಂಗಸರು ನನ್ನನ್ನು ಕಂಡರೆ ಮುಸಿಮುಸಿ ನಗುತ್ತಾರೆ. ಸುಮನತಾಯಿಯಂತೂ ಗಂಗವ್ವನ ಮಾತು ನೆನೆದು ಮೊನ್ನೆ ಕಣ್ಣೊರೆಸಿಕೊಂಡಳು. ನನ್ನ ಹೆಂಡತಿ ನನಗೆ ಹೇಳಿದ್ದು ಇಡೀ ಓಣಿಗೆ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ. ಇನ್ನೊಮ್ಮೆ ಹೇಳು ಎಂದು ಅವಳನ್ನೇ ಕೇಳಬೇಕೆಂದಿದ್ದೇನೆ. ಆದರೆ ನನಗೆ ಮೆಲ್ಲಗೆ ಕೇಳಲು ಬರುವುದಿಲ್ಲ.